ಆರಾಧನೆಯ ವಿಷಯವಾಗಿ ಪುಸ್ತಕ ಬರೆಯುವದೂ ಅದನ್ನು ನಾಳೆಗೆ ಹಾಕುವದೂ

ಓದತಕ್ಕ ಭಾಗಗಳು: ಹಗ್ಗಾಯ 1, ಯೆರೆಮೀಯ 36, 2 ಕೊರಿಂಥ 8:10–12.

ನಮ್ಮ ಸೀಮೆಯ ಹಳ್ಳಿಗಳಲ್ಲಿ ಮನೆಯ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ರಾತ್ರಿಯಲ್ಲಿ ದೆವ್ವವೊಂದು ಬೀದಿಯಲ್ಲಿ ತಿರುಗುತ್ತಾ ಮನೆಯವರ ಹೆಸರು ಹಿಡಿದು ಕರೆಯುವದೆಂದೂ, ಬಾಗಿಲಿನ ಮೇಲಿನ ಈ ಮಾತನ್ನು ಓದಿಕೊಂಡು ಹಿಂದಿರುಗುವದೆಂದೂ, ಮರುದಿನ ಬಂದರೆ ತಿರಿಗಿ ಅದೇ ಮಾತನ್ನು ಕಾಣುವದರಿಂದ ಎಂದಿಗೂ ಒಳಗೆ ಕಾಲಿಡಲಾರದೆಂದೂ ಜನರು ನಂಬಿದರು. ಕ್ರಿಸ್ತನ ಸಭೆಗೆ ಸೇರಿದ ನಾವು ಅಂಥ ಬರಹವನ್ನು ನಮ್ಮ ಬಾಗಿಲುಗಳಿಂದ ಒರಸಿಬಿಟ್ಟೆವು. ಆದರೆ ದೆವ್ವವನ್ನು ಮೋಸಗೊಳಿಸುವದಕ್ಕೆ ಹುಟ್ಟಿದ ಆ ಮಾತನ್ನು ನಾವು ದೇವರು ಕೊಟ್ಟ ಕೆಲಸಕ್ಕೆ ಹೇಳುತ್ತಾ ಬಂದಿದ್ದೇವೆ. ಕೆಲಸವು ದಿನಾಲು ಬಾಗಿಲಿಗೆ ಬಂದು, ಓದಿಕೊಂಡು, ಹಿಂದಿರುಗಿ ಹೋಗುತ್ತದೆ.

ಇಲ್ಲಿ ನಾವು ಹೇಳುವದು ಬರೆಯುವ ಕೆಲಸವನ್ನು ಕುರಿತು. ಈ ಪತ್ರಿಕೆಯನ್ನು ಓದುವ ಉಪದೇಶಿಗಳಲ್ಲಿಯೂ ಶಾಲಾ ಉಪಾಧ್ಯಾಯರಲ್ಲಿಯೂ ಸಭೆಗೆ ಏನಾದರೂ ಬರೆದುಕೊಡುವೆನೆಂದು ಮಾತುಕೊಟ್ಟವರು ಕಡಿಮೆಯಲ್ಲ. ಮಾತು ತೀರಿಸಿದವರು ಹೆಚ್ಚಲ್ಲ. ನಾವೂ ಅವರಲ್ಲಿ ಒಬ್ಬರು. ಆರು ವರುಷಗಳ ಹಿಂದೆ ಹಿರಿಯರ ಕೂಟದಲ್ಲಿ ನಾವೇ ಎದ್ದು ನಿಂತು, ದೇವಾರಾಧನೆ ಎಂದರೇನೆಂಬದನ್ನು ಹಳ್ಳಿಯವರಿಗೆ ತಿಳಿಯುವಂತೆ ಒಂದು ಚಿಕ್ಕ ಪುಸ್ತಕದಲ್ಲಿ ಬರೆದು ಮುಂದಿನ ಬೆಳೆಹಬ್ಬದೊಳಗೆ ಒಪ್ಪಿಸುವೆವೆಂದು ಹೇಳಿದೆವು. ಅದರ ಅವಶ್ಯವು ಆಗಲೂ ಇತ್ತು, ಈಗಲೂ ಇದೆ. ಆದಿತ್ಯವಾರ ನಮ್ಮ ಜನರು ಏಳುವಾಗ ಏಳುತ್ತಾರೆ, ಕೂಡ್ರುವಾಗ ಕೂಡ್ರುತ್ತಾರೆ. ಯಾಕೆಂದು ಕೇಳಿದರೆ ಹಿರಿಯರು ಹಾಗೆ ಮಾಡಿದರು ಎನ್ನುತ್ತಾರೆ. ಪಾಪವನ್ನು ಅರಿಕೆಮಾಡುವದು ವಾಕ್ಯಕ್ಕಿಂತ ಮೊದಲು ಯಾಕೆ, ಹಿಡಿ ಜೋಳವನ್ನು ತಂದು ಮೇಜಿನ ಮುಂದೆ ಸುರಿಯುವದು ಬರೀ ವಂತಿಗೆಯೋ ಅಥವಾ ಆರಾಧನೆಯೋ, ಸುಮ್ಮನಿರುವ ಹೊತ್ತಿನಲ್ಲಿ ಏನು ಮಾಡಬೇಕು ಎಂದು ಹುಡುಗರು ನಮ್ಮನ್ನು ಕೇಳಿದ್ದಾರೆ. ಅವರಿಗೆ ಕೊಡತಕ್ಕ ಪುಸ್ತಕವು ನಮ್ಮ ಸಭೆಯ ಪೆಟ್ಟಿಗೆಯಲ್ಲಿ ಇಲ್ಲ.

ಆ ಪುಸ್ತಕದಲ್ಲಿ ಮನೆಯ ಆರಾಧನೆಯನ್ನು ಕುರಿತ ಅಧ್ಯಾಯವನ್ನು ನಮ್ಮ ಸಭೆಯ ಒಬ್ಬ ವೃದ್ಧ ತಾಯಿಯ ಬಾಯಿಂದ ಕೇಳಿ ಬರೆಯಬೇಕೆಂದು ನಿಶ್ಚಯಿಸಿದ್ದೆವು. ಆಕೆಗೆ ಅಕ್ಷರ ಬಾರದು. ಆದರೆ ಆ ಊರಲ್ಲಿ ಮೊದಲು ದೀಕ್ಷಾಸ್ನಾನ ಹೊಂದಿದವರಲ್ಲಿ ಆಕೆಯ ಅತ್ತೆಯೂ ಒಬ್ಬಳು. ಗುಡಿಯೂ ಪುಸ್ತಕವೂ ಇಲ್ಲದ ದಿವಸಗಳಲ್ಲಿ ಹುಣಸೇಮರದ ಕೆಳಗೆ ಅವರು ಹೇಗೆ ಪ್ರಾರ್ಥಿಸಿದರೆಂಬದನ್ನು ಅತ್ತೆಯಿಂದ ಸೊಸೆ ಕಲಿತಿದ್ದಳು. ಬಿತ್ತನೆಯ ಬುಟ್ಟಿಯ ಮೇಲೆ ಕೈಯಿಟ್ಟು ಹೇಳುವ ಪ್ರಾರ್ಥನೆ ಒಂದು, ಕೂಸನ್ನು ಮೊದಲನೆಯ ಸಾರಿ ಹೊಸ್ತಿಲು ದಾಟಿಸುವಾಗ ಹೇಳುವದು ಇನ್ನೊಂದು. ಸಾಯಂಕಾಲದಲ್ಲಿ ಬೀದಿಯ ಮನೆಗಳನ್ನು ಸಾಲಾಗಿ ನೆನಸಿ, ನಮ್ಮವರದೆಂದೂ ಪರರದೆಂದೂ ಭೇದವಿಲ್ಲದೆ ಒಂದೊಂದಕ್ಕೂ ದೇವರಿಂದ ಬೇಡುವಳು. ನಾವು ಮೂರು ಸಾರಿ ಆಕೆಯ ಮನೆಗೆ ಹೋದೆವು. ಮೂರು ಸಾರಿಯೂ, ಸುಗ್ಗಿ ತೀರಲಿ, ಪರೀಕ್ಷೆ ಮುಗಿಯಲಿ, ಕೂತು ಬರೆದುಕೊಳ್ಳುತ್ತೇವೆ ಎಂದು ಹೇಳಿ ಬಂದೆವು. “ಬರ್ರಿ ಗುರುಗಳ, ನಾನರ ಎಲ್ಲಿ ಹೋಗತೀನಿ?” ಎಂದು ಆಕೆ ನಕ್ಕಳು. ಆ ಮಳೆಗಾಲದಲ್ಲಿ ಆಕೆ ಕರ್ತನಲ್ಲಿ ನಿದ್ರೆಹೋದಳು. ನಮ್ಮ ವಹಿಯಲ್ಲಿ ಅಧ್ಯಾಯದ ಹೆಸರೂ ಆಕೆಯ ಹೆಸರೂ ಬರೆದಿದ್ದವು. ಅದರ ಕೆಳಗೆ ಏನೂ ಇರಲಿಲ್ಲ. ಸಮಾಧಿಯಾದ ಮೇಲೆ ಮಗನನ್ನು ಕೇಳಿದೆವು. ಅವ್ವ ಮೊದಲು ದನಗಳಿಗೋಸ್ಕರ ಬೇಡುತ್ತಿದ್ದಳು, ಮುಂದಿನದು ನೆನಪಿಲ್ಲ ಎಂದನು.

ಇದನ್ನು ಹೇಳಿದ್ದು ನಮ್ಮನ್ನು ತಗ್ಗಿಸಿಕೊಂಡೆವೆಂದು ತೋರಿಸುವದಕ್ಕಲ್ಲ. ಬರೆಯುವದನ್ನು ಮುಂದಕ್ಕೆ ಹಾಕಿದರೆ ಪುಸ್ತಕ ತಡವಾಗುವದೊಂದೇ ನಷ್ಟವೆಂದು ನಾವು ಎಣಿಸಿದ್ದೆವು. ಪುಸ್ತಕಕ್ಕೆ ಬೇಕಾದದ್ದೇ ಭೂಮಿಯೊಳಗೆ ಹೋಗುವದೆಂದು ಎಣಿಸಿರಲಿಲ್ಲ.

ಈಗ ಹಗ್ಗಾಯನ ಪುಸ್ತಕಕ್ಕೆ ಬರೋಣ. ಬಾಬೆಲಿನ ಸೆರೆಯಿಂದ ಹಿಂದಿರುಗಿದವರು ಯೆರೂಸಲೇಮಿನಲ್ಲಿ ಮಂದಿರದ ಅಸ್ತಿವಾರವನ್ನು ಹಾಕಿದರು. ಶತ್ರುಗಳು ಅಡ್ಡಿಮಾಡಿದರು, ಕೆಲಸ ನಿಂತಿತು. ದಾರ್ಯಾವೆಷನ ಆಳಿಕೆಯ ಎರಡನೆಯ ವರುಷದ ವರೆಗೆ, ಅಂದರೆ ಕ್ರಿಸ್ತಪೂರ್ವ 520ರ ವರೆಗೆ, ಸುಮಾರು 16 ವರುಷ ಅದು ಹಾಗೆಯೇ ಬಿದ್ದಿತ್ತು. ಇಲ್ಲಿ ಗಮನಿಸತಕ್ಕದ್ದು ಏನಂದರೆ, ಹಗ್ಗಾಯನು ಬಂದು ಮಾತಾಡಿದಾಗ ಜನರ ಬಾಯಲ್ಲಿ ಶತ್ರುಗಳ ಮಾತೇ ಇಲ್ಲ. ಮಂದಿರ ಕಟ್ಟುವ ಸಮಯ ಇನ್ನೂ ಬಂದಿಲ್ಲವೆನ್ನುತ್ತಾರೆ. ಅಷ್ಟರೊಳಗೆ ತಮ್ಮ ತಮ್ಮ ಮನೆಗಳಿಗೆ ಹಲಿಗೆ ಹೊದಿಸಿಕೊಂಡಿದ್ದಾರೆ. ಅಡ್ಡಿಯು ಹೊರಗಿನಿಂದ ಬಂತು. ಹೊರಗಿನ ಅಡ್ಡಿ ಹೋದ ಮೇಲೆಯೂ ಅದು ಮನಸ್ಸಿನೊಳಗೆ ವಾಸಮಾಡಿತು. ಎಜ್ರನ ಪುಸ್ತಕದ 3ನೆಯ ಅಧ್ಯಾಯದಲ್ಲಿ ಇನ್ನೊಂದು ಕಾರಣದ ಗುರುತು ಸಿಕ್ಕುತ್ತದೆ: ಸೊಲೊಮೋನನ ಮಂದಿರವನ್ನು ಕಂಡಿದ್ದ ಮುದುಕರು ಹೊಸ ಅಸ್ತಿವಾರವನ್ನು ನೋಡಿ ಗಟ್ಟಿಯಾಗಿ ಅತ್ತರು. ಹಿಂದಿನದಕ್ಕೆ ಸಮವಾದದ್ದು ನಮ್ಮ ಕೈಯಿಂದ ಆಗದು ಎಂಬ ದುಃಖವು ಕೈಗಳನ್ನು ಎಷ್ಟು ಕಾಲ ಕಟ್ಟಿಹಾಕಬಲ್ಲದೆಂಬದು ಬರೆಯುವವರಿಗೆ ಚೆನ್ನಾಗಿ ಗೊತ್ತು. ಆದರೆ ಪ್ರವಾದಿಯು ಆರನೆಯ ತಿಂಗಳಿನ ಒಂದನೆಯ ದಿವಸ ಮಾತಾಡಿದನು. ಅದೇ ತಿಂಗಳಿನ ಇಪ್ಪತ್ತನಾಲ್ಕನೆಯ ದಿವಸ ಜನರು ಕೆಲಸಕ್ಕೆ ಕೈಹಚ್ಚಿದರು. ಹದಿನಾರು ವರುಷಗಳ ತಡವು ಇಪ್ಪತ್ತಮೂರು ದಿವಸಗಳಲ್ಲಿ ಮುಗಿಯಿತು. ಕಟ್ಟುವದು ಮುಗಿಯಬೇಕಾದರೆ ಇನ್ನೂ ನಾಲ್ಕು ವರುಷಕ್ಕಿಂತ ಹೆಚ್ಚು ಹಿಡಿಯಿತು. ಅದು ಬೇರೆ ಮಾತು. ದುಡಿಯುತ್ತಾ ಹೋದ ಕಾಲವನ್ನು ಯಾರೂ ವಿಳಂಬವೆಂದು ಕರೆಯುವದಿಲ್ಲ.

ಆರಾಧನೆಯ ಪುಸ್ತಕವನ್ನೇ ಬರೆಯಬೇಕಾಗಿದ್ದು, ಅದನ್ನು ಮುಂದಕ್ಕೆ ಹಾಕಿದ ಒಬ್ಬ ದೊಡ್ಡ ಮನುಷ್ಯನ ಸಂಗತಿಯು ಸಭೆಯ ಚರಿತ್ರದಲ್ಲಿದೆ. ಅವನು ಮಾರ್ಟಿನ್ ಲೂಥರನು. ಸೋಮಾರಿ ಎಂಬ ಹೆಸರನ್ನು ಅವನಿಗೆ ಅವನ ಶತ್ರುಗಳೂ ಕೊಡಲಿಲ್ಲ. ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದಾಗ ಹೊಸ ಒಡಂಬಡಿಕೆಯನ್ನೆಲ್ಲಾ ಸುಮಾರು 11 ವಾರಗಳಲ್ಲಿ ಜರ್ಮನ್ ಭಾಷೆಗೆ ತಿರುಗಿಸಿದನು. ಅದು 1522ರ ಸಪ್ಟೆಂಬರಿನಲ್ಲಿ ಅಚ್ಚಾಗಿ ಬಂತು. ಜನರಿಗೆ ವಾಕ್ಯವು ತಮ್ಮ ಭಾಷೆಯಲ್ಲಿ ಸಿಕ್ಕಿದ ಮೇಲೆ ಆರಾಧನೆಯೂ ತಮ್ಮ ಭಾಷೆಯಲ್ಲಿ ಬೇಕಾಯಿತು. ತ್ಸ್ವಿಕ್ಕಾವು ಪಟ್ಟಣದ ಬೋಧಕನಾದ ನಿಕೊಲಾಸ್ ಹೌಸ್‌ಮಾನನು ಆರಾಧನಾ ಕ್ರಮವನ್ನು ಬರೆದುಕೊಡಬೇಕೆಂದು ಲೂಥರನನ್ನು ಬಹಳವಾಗಿ ಕೇಳಿಕೊಂಡನು. 1523ರಲ್ಲಿ ಲೂಥರನು ಅವನಿಗೆ ಒಂದು ಕ್ರಮವನ್ನು ಬರೆದು ಕಳುಹಿಸಿದನು. ಆದರೆ ಅದು ಲತೀನ್ ಭಾಷೆಯ ಆರಾಧನೆಗಾಗಿ ಬರೆದದ್ದು. ಅದೇ ವರುಷ ಥೋಮಸ್ ಮ್ಯೂಂಟ್ಸರನು ಆಲ್‌ಷ್ಟೆಟ್ ಎಂಬಲ್ಲಿ ಜರ್ಮನ್ ಆರಾಧನೆಯನ್ನು ಹೊರಡಿಸಿದನು. ಬೇರೆ ಪಟ್ಟಣಗಳಲ್ಲಿಯೂ ಒಬ್ಬೊಬ್ಬರು ಒಂದೊಂದು ಕ್ರಮವನ್ನು ಮಾಡಿಕೊಂಡರು. ಎಲ್ಲರೂ ಯಾರ ಕಡೆಗೆ ನೋಡುತ್ತಿದ್ದರೋ ಅವನು ಮಾತ್ರ ಎರಡು ವರುಷಕ್ಕಿಂತ ಹೆಚ್ಚು ಕಾಲ ಜರ್ಮನ್ ಕ್ರಮವನ್ನು ಕೊಡಲಿಲ್ಲ.

ಅವನು ಕೊಟ್ಟ ಕಾರಣವು ನಮ್ಮಂಥ ಕನ್ನಡಿಗರಿಗೆ ಬಹಳ ಬೆಲೆಯುಳ್ಳದ್ದು. ಲತೀನಿನ ರಾಗವನ್ನು ಹಾಗೆಯೇ ಇಟ್ಟುಕೊಂಡು ಅದರ ಕೆಳಗೆ ಜರ್ಮನ್ ಮಾತುಗಳನ್ನು ತುಂಬಿದರೆ ಅದು ಕೋತಿಗಳ ಅನುಕರಣೆಯಂತಾಗುವದು. ಮಾತು, ಸ್ವರ, ಒತ್ತು, ಹಾಡುವ ರೀತಿ ಎಲ್ಲವೂ ತಾಯ್ನುಡಿಯಿಂದಲೇ ಹುಟ್ಟಬೇಕೆಂಬದು ಅವನ ಅಭಿಪ್ರಾಯವಾಗಿತ್ತು. ಪರದೇಶದ ರಾಗಕ್ಕೆ ಕನ್ನಡದ ಶಬ್ದಗಳನ್ನು ಎಳೆದು ಕಟ್ಟಿ, ದೀರ್ಘವನ್ನು ಹ್ರಸ್ವಮಾಡಿ ಹಾಡಿದ ಸಭೆಗಳವರು ಇದರ ಅರ್ಥವನ್ನು ವಿವರಣೆ ಇಲ್ಲದೆ ತಿಳಿದುಕೊಳ್ಳುವರು. ಇದಲ್ಲದೆ ತಾನು ಬರೆದದ್ದು ಎಲ್ಲಾ ಸಭೆಗಳಿಗೆ ಹೊಸ ನಿಯಮಶಾಸ್ತ್ರವಾಗಿಬಿಡುವದೋ ಎಂಬ ಭಯವೂ ಅವನಿಗೆ ಇತ್ತು. ಇವು ಸೋಮಾರಿಯ ನೆವಗಳಲ್ಲ. ಹಾಗಾದರೂ ಒಂದು ಮಾತು ಹೇಳಬೇಕು: ಒಳ್ಳೇ ಕಾರಣವೂ ಬಹಳ ದಿವಸ ಇಟ್ಟರೆ ನೆವವಾಗಿ ಹೋಗುವದುಂಟು. ಹಾಲು ಒಳ್ಳೇದೇ, ನಾಲ್ಕು ದಿವಸ ಇಟ್ಟು ನೋಡಿರಿ.

ಅದನ್ನು ಅವನು ಮುಗಿಸಿದ್ದು ಹೇಗೆ? 1525ನೆಯ ವರುಷವು ಅವನಿಗೆ ಪುರಸತ್ತಿನ ವರುಷವಾಗಿರಲಿಲ್ಲ. ಆ ವರುಷ ರೈತರ ದಂಗೆಯಾಯಿತು. ಜೂನ್ ತಿಂಗಳಲ್ಲಿ ಅವನ ಮದುವೆಯಾಯಿತು. ಎರಾಸ್ಮನಿಗೆ ದೊಡ್ಡದೊಂದು ಉತ್ತರ ಪುಸ್ತಕವನ್ನು ಬರೆಯಬೇಕಾಗಿತ್ತು. ಅಂಥ ವರುಷದಲ್ಲಿಯೇ ಕೊನ್ರಾಡ್ ರುಪ್ಷ್, ಯೋಹಾನ್ ವಾಲ್ಟರ್ ಎಂಬ ಇಬ್ಬರು ಸಂಗೀತಗಾರರನ್ನು ವಿಟ್ಟೆನ್‌ಬೆರ್ಗಿಗೆ ಕರೆಸಿಕೊಂಡನು. ವಾಲ್ಟರನು ಮೂರು ವಾರ ಅಲ್ಲಿದ್ದನು. ಲೂಥರನು ಸುವಾರ್ತೆಯನ್ನೂ ಪತ್ರಿಕೆಯನ್ನೂ ಓದುವ ಸ್ವರಗಳನ್ನು ತಾನೇ ಕಲ್ಪಿಸಿ, ಸರಿಯಾಯಿತೋ ಇಲ್ಲವೋ ಎಂದು ಅವರ ಅಭಿಪ್ರಾಯವನ್ನು ಕೇಳಿದನು. ಅಕ್ಟೋಬರ್ 29ರ ಆದಿತ್ಯವಾರ ಅದನ್ನು ಸಭೆಯಲ್ಲಿ ನಡಿಸಿ ನೋಡಿದರು. ಕ್ರಿಸ್ಮಸ್ ಹಬ್ಬದಿಂದ ಅದು ಅಲ್ಲಿ ರೂಢಿಯಾಯಿತು. 1526ರ ಆರಂಭದಲ್ಲಿ ‘ಜರ್ಮನ್ ಮಿಸ್ಸಾ’ ಎಂಬ ಹೆಸರಿನಿಂದ ಅಚ್ಚಾಯಿತು. ಎರಡು ವರುಷ ಒಬ್ಬನೇ ಹೊತ್ತ ಭಾರವು ಇಬ್ಬರು ಜೊತೆಗಾರರು ಬಂದ ಮೇಲೆ ಕೆಲವು ವಾರಗಳಲ್ಲಿ ಇಳಿಯಿತು. ಅಚ್ಚುಹಾಕುವದಕ್ಕಿಂತ ಮುಂಚೆ ಅದು ಜನರ ಬಾಯಲ್ಲಿ ಬಂತೆಂಬದನ್ನೂ ನೆನಪಿನಲ್ಲಿಡಿರಿ. ಮತ್ತು ಮುನ್ನುಡಿಯಲ್ಲಿ ಅವನು, ಇದನ್ನು ಯಾರೂ ಕಟ್ಟಳೆಯಾಗಿ ಮಾಡಬಾರದು, ಉಪಯೋಗವಾಗುವ ತನಕ ಉಪಯೋಗಿಸಿರಿ ಎಂಬ ಅಭಿಪ್ರಾಯವನ್ನು ಹೇಳಿಬಿಟ್ಟನು. ತನ್ನ ಪುಸ್ತಕವು ಕೊನೆಯ ಪುಸ್ತಕವಾಗಬೇಕಾಗಿಲ್ಲವೆಂದು ಒಪ್ಪಿಕೊಂಡವನ ಕೈಯಲ್ಲಿ ಲೇಖಣಿ ಹಗುರವಾಗುತ್ತದೆ.

ಅದೇ ಮುನ್ನುಡಿಯಲ್ಲಿ ಲೂಥರನು ಬರೆಯದೆ ಬಿಟ್ಟದ್ದೂ ಒಂದುಂಟು. ಪೂರ್ಣಮನಸ್ಸಿನಿಂದ ಕ್ರೈಸ್ತರಾಗಿರಲಿಚ್ಛಿಸುವವರು ಹೆಸರು ಬರಸಿಕೊಂಡು ಮನೆಗಳಲ್ಲಿ ಕೂಡಿ ನಡಿಸಬಹುದಾದ ಆರಾಧನೆಯನ್ನು ಕುರಿತು ಅವನು ಹೇಳುತ್ತಾನೆ. ಆದರೆ ಅಂಥ ಜನರು ತನಗೆ ಇನ್ನೂ ಸಿಕ್ಕಿಲ್ಲವೆಂದು ಅದರ ಕ್ರಮವನ್ನು ಬರೆಯುವದಿಲ್ಲ. ಹೀಗೆ ಬಿಡುವದು ವಿಳಂಬವಲ್ಲ. ಜನರಿಲ್ಲದ ಆರಾಧನೆಗೆ ಪುಸ್ತಕ ಬರೆದರೆ ಅದು ಕಾಗದದ ಮೇಲಿನ ಸಭೆ. ಬರೆಯಬೇಕಾದದ್ದಕ್ಕೂ ಬಿಡಬೇಕಾದದ್ದಕ್ಕೂ ಇರುವ ಭೇದವು ಇದರಿಂದ ಸ್ವಲ್ಪ ತಿಳಿಯುತ್ತದೆ: ಎದುರಿಗೆ ಜನರು ಕೂತಿದ್ದಾರೋ ಇಲ್ಲವೋ ಎಂದು ಕೇಳಬೇಕು. ನಮ್ಮ ಎದುರಿಗೆ ಕೂತಿದ್ದಾರೆ.

ಅವನ ಚಿಕ್ಕ ಪ್ರಶ್ನೋತ್ತರ ಪುಸ್ತಕದ ಸಂಗತಿಯೂ ಹೀಗೆಯೇ. ಮಕ್ಕಳಿಗೋಸ್ಕರ ಅಂಥದೊಂದನ್ನು ಬರೆಯುವ ಕೆಲಸವನ್ನು 1525ರಲ್ಲಿ ಯೋನಾಸ್, ಅಗ್ರಿಕೋಲ ಎಂಬ ಇಬ್ಬರು ವಿದ್ವಾಂಸರಿಗೆ ಒಪ್ಪಿಸಿದ್ದರು, ಅದು ಆಗಲಿಲ್ಲ. 1528ರಲ್ಲಿ ಲೂಥರನು ಸಕ್ಸೋನಿಯ ಸಭೆಗಳನ್ನು ಪರೀಕ್ಷಿಸುವದಕ್ಕೆ ಹೋಗಿ, ಹಳ್ಳಿಯ ಜನರಿಗೆ ಕ್ರೈಸ್ತ ಬೋಧನೆಯ ಮೂಲಪಾಠಗಳೂ ಬಾರವೆಂಬದನ್ನೂ, ಕಲಿಸಬೇಕಾದ ಬೋಧಕರಲ್ಲಿ ಅನೇಕರಿಗೆ ಶಕ್ತಿಯಿಲ್ಲವೆಂಬದನ್ನೂ ಕಣ್ಣಾರೆ ಕಂಡನು. 1529ರಲ್ಲಿ ತಾನೇ ಬರೆದನು. ಮೊದಲು ಗೋಡೆಗೆ ತೂಗಹಾಕುವ ದೊಡ್ಡ ಹಾಳೆಗಳಲ್ಲಿ ಅಚ್ಚುಹಾಕಿಸಿ, ಅನಂತರ ಚಿಕ್ಕ ಪುಸ್ತಕವಾಗಿ ಮಾಡಿಸಿದನು. ನಾವು ಸೆಮಿನರಿಯಲ್ಲಿ ಈ ಇಸವಿಗಳನ್ನು ಪರೀಕ್ಷೆಗೋಸ್ಕರ ಬಾಯಿಪಾಠ ಮಾಡಿದೆವು. ಪಟ್ಟಣದ ಕೋಣೆಯಲ್ಲಿ ಮೂರು ವರುಷ ಆಗದೆ ಇದ್ದ ಕೆಲಸವು ಹಳ್ಳಿಯ ಬಾಗಿಲಲ್ಲಿ ನಿಂತು ಬಂದ ಮೇಲೆ ಆಯಿತೆಂಬದನ್ನು ಆಗ ಯಾರೂ ನಮಗೆ ತೋರಿಸಲಿಲ್ಲ. ತೋರಿಸಿದ್ದರೂ ನಾವು ನೋಡುತ್ತಿರಲಿಲ್ಲವೇನೋ.

ಬೇಗನೆ ಬರೆದದ್ದೇ ಒಳ್ಳೇದು ಎಂದು ಇದರಿಂದ ಯಾರೂ ಎಣಿಸಬಾರದು. ಕಿಟ್ಟೆಲರ ಕನ್ನಡ ನಿಘಂಟು ಸುಮಾರು 20 ವರುಷಗಳ ದುಡಿತದ ಮೇಲೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಹೊರಟಿತು. 1,700ಕ್ಕೂ ಹೆಚ್ಚು ಪುಟಗಳ ಗ್ರಂಥವದು. ದಕ್ಷಿಣ ಇಂಡಿಯಾ ಸಭೆಯು 1947ರ ಸಪ್ಟೆಂಬರ್ 27ರಂದು ಒಂದಾಯಿತು. ಅದರ ಕರ್ತನ ಭೋಜನದ ಕ್ರಮವು 1950ರಲ್ಲಿ ಮೊದಲು ನಡೆಯಿತು. ಆರಾಧನೆಯ ಪೂರ್ಣ ಪುಸ್ತಕವು 1963ರಲ್ಲಿ ಬಂತು. ಆ ನಡುವೆ ಒಂದೊಂದು ಭಾಗವನ್ನು ಸಭೆಗಳ ಕೈಗೆ ಕೊಟ್ಟು, ನಡಿಸಿ ನೋಡಿ ತಿದ್ದುತ್ತಾ ಬಂದರು. ಹೊಲದಲ್ಲಿ ಬೀಜವಿರುವಾಗ ಒಕ್ಕಲಿಗನು ಕಾಯುವದು ಒಂದು. ಬೀಜದ ಚೀಲವನ್ನು ಅಟ್ಟದ ಮೇಲಿಟ್ಟು ಕಾಯುವದು ಇನ್ನೊಂದು.

ನಮ್ಮ ಚೀಲವು ಅಟ್ಟದ ಮೇಲೆಯೇ ಇತ್ತು. ಅದನ್ನು ಇಳಿಸದೆ ಇರುವದಕ್ಕೆ ನಾವು ಹೇಳಿಕೊಂಡ ನೆವಗಳನ್ನು ಹೇಳಿದರೆ ಕೆಲವು ವಾಚಕರು ತಮ್ಮ ಮುಖವನ್ನು ಕಂಡಾರು. ಇನ್ನೂ ಎರಡು ಪುಸ್ತಕಗಳನ್ನು ಓದಿದ ಮೇಲೆ ಬರೆಯೋಣವೆಂಬದು ಒಂದು. ಓದುವದು ಒಳ್ಳೇದಾದ್ದರಿಂದ ಈ ನೆವವನ್ನು ಯಾರೂ ಗದರಿಸುವದಿಲ್ಲ. ಆದಕಾರಣವೇ ಅದು ಎಲ್ಲವುಗಳಿಗಿಂತ ಹೆಚ್ಚು ಕಾಲ ಬದುಕುತ್ತದೆ. ನಾವು ಯೋಗ್ಯರಲ್ಲವೆಂಬದು ಮತ್ತೊಂದು. ಇದು ದೀನತೆಯಂತೆ ಕಾಣುತ್ತದೆ, ಆದರೆ ಅದರೊಳಗೆ ಅಡಗಿರುವದು ಹೆಚ್ಚಾಗಿ ಗರ್ವವೇ. ಬರೆದದ್ದು ಬಡವಾಗಿ ಕಂಡರೆ ಮಾನ ಹೋದೀತೆಂಬ ಭಯ. ಪೌಲನು ಕೊರಿಂಥದವರಿಗೆ, ನೀವು ಹೋದ ವರುಷ ಆರಂಭಿಸಿದ್ದನ್ನು ಈಗ ಮಾಡಿ ಮುಗಿಸಿರೆಂದು ಬರೆಯುವಲ್ಲಿ, ಒಬ್ಬನಿಗೆ ಇರುವದರ ಪ್ರಕಾರ ಕೊಟ್ಟರೆ ಅಂಗೀಕಾರವಾಗುವದು, ಇಲ್ಲದ್ದನ್ನು ದೇವರು ಕೇಳುವದಿಲ್ಲವೆಂದು ತಿಳಿಸುತ್ತಾನೆ. ಅದು ಹಣದ ವಿಷಯವಾಗಿ ಹೇಳಿದ ಮಾತು. ವಿದ್ಯೆಯ ವಿಷಯದಲ್ಲಿಯೂ ಸಲ್ಲುವದು. ಮೂರನೆಯ ನೆವವನ್ನು ಹೇಳುವದಕ್ಕೆ ನಾಚಿಕೆಯಾಗುತ್ತದೆ. ಇದನ್ನು ಕುರಿತು ಇನ್ನೂ ಪ್ರಾರ್ಥಿಸಬೇಕು ಎಂದೆವು. ಪ್ರಾರ್ಥಿಸಲೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾವು ಪರಲೋಕವನ್ನೇ ಡೊಂಕು ಎಂದ ಹಾಗಾಯಿತು.

ಯೆರೆಮೀಯನ 36ನೆಯ ಅಧ್ಯಾಯವು ಬರೆಯುವವರಿಗೆ ಬಹಳ ಆದರಣೆಯನ್ನು ಕೊಡುತ್ತದೆ. ಅಲ್ಲಿ ಪ್ರವಾದಿಯು ತಾನೇ ಬರೆಯಲಿಲ್ಲ. ಅವನು ಬಾಯಿಂದ ಹೇಳಿದನು, ಬಾರೂಕನು ಮಸಿಯಿಂದ ಸುರುಳಿಯಲ್ಲಿ ಬರೆದನು. ಹೇಳಬಲ್ಲವರೂ ಬರೆಯಬಲ್ಲವರೂ ಬೇರೆ ಬೇರೆಯಾಗಿದ್ದರೆ ಕೂಡಿ ಕೂಡ್ರಬೇಕು. ಹಳ್ಳಿಯಲ್ಲಿ ಇದಕ್ಕಿಂತ ಸುಲಭವಾದ ದಾರಿಯಿಲ್ಲ. ಒಂಭತ್ತನೆಯ ತಿಂಗಳಿನ ಚಳಿಯಲ್ಲಿ ಅರಸನು ಬೆಂಕಿಯ ಮುಂದೆ ಕೂತು, ಮೂರು ನಾಲ್ಕು ಸಾಲುಪುಟಗಳನ್ನು ಓದಿದ ಹಾಗೆಲ್ಲಾ ಚೂರಿಯಿಂದ ಕೊಯ್ದು ಬೆಂಕಿಗೆ ಹಾಕಿದನು. ಮಾಡಿದ್ದೆಲ್ಲಾ ಬೂದಿಯಾಯಿತು. ಆಗ ಯೆರೆಮೀಯನು ಬೇರೊಂದು ಸುರುಳಿಯನ್ನು ತೆಗೆದು ಬಾರೂಕನಿಗೆ ಕೊಟ್ಟನು. ಸುಟ್ಟುಹೋದ ಮಾತುಗಳೆಲ್ಲಾ ತಿರಿಗಿ ಬರೆಯಲ್ಪಟ್ಟವು, ಇನ್ನೂ ಅನೇಕ ಮಾತುಗಳು ಕೂಡಿಸಲ್ಪಟ್ಟವು. ಮೊದಲನೆಯ ಬರಹ ಕೆಟ್ಟೀತೆಂದು ಅಂಜುವವರು ಈ ಕಡೆಯ ವಚನವನ್ನು ಗುರುತುಮಾಡಿಕೊಳ್ಳಲಿ. ನಮ್ಮ ಮೊದಲನೆಯ ಅಧ್ಯಾಯವನ್ನು ಯಾವ ಅರಸನೂ ಸುಡಲಿಲ್ಲ, ನಾವೇ ಹರಿದೆವು. ಎರಡನೆಯ ಸಾರಿ ಬರೆದದ್ದು ಮೊದಲನೆಯದರ ಅರ್ಧದಷ್ಟಿತ್ತು, ಮತ್ತು ಅದಕ್ಕಿಂತ ಚೆನ್ನಾಗಿತ್ತು.

ನಾವು ಕಡೆಗೆ ಹಿಡಿದ ರೀತಿಯನ್ನು ಹೇಳುತ್ತೇವೆ. ಬೇಕಾದವರು ಪರೀಕ್ಷಿಸಿ ನೋಡಲಿ. ಪೂರಾ ಒಂದು ದಿವಸ ಬಿಡುವು ಸಿಕ್ಕೀತೆಂದು ಕಾಯುವದನ್ನು ಬಿಟ್ಟೆವು. ಉಪದೇಶಿಗೆ ಅಂಥ ದಿವಸ ಸಿಕ್ಕುವದು ಕಾಯಿಲೆ ಬಿದ್ದಾಗಲೇ. ಬೆಳಿಗ್ಗೆ ಶಾಲೆಯ ಗಂಟೆಗಿಂತ ಮುಂಚೆ ಅರ್ಧ ತಾಸು, ಅರ್ಧ ಪುಟ. ಮೊದಲಿನಿಂದಲೇ ಆರಂಭಿಸಬೇಕೆಂಬ ಹಟವನ್ನೂ ಬಿಟ್ಟು, ಹುಡುಗರು ಕೇಳಿದ್ದ ಕಾಣಿಕೆಯ ಪ್ರಶ್ನೆಯಿಂದ ಆರಂಭಿಸಿದೆವು, ಯಾಕಂದರೆ ಅದಕ್ಕೆ ಉತ್ತರ ನಮಗೆ ಗೊತ್ತಿತ್ತು. ಧರ್ಮೋಪದೇಶಕಾಂಡ 26ನೆಯ ಅಧ್ಯಾಯದಲ್ಲಿ ಪ್ರಥಮಫಲದ ಬುಟ್ಟಿಯನ್ನು ತಂದವನು ಅದನ್ನು ಇಟ್ಟು ಸುಮ್ಮನೆ ಹೋಗುವದಿಲ್ಲ. ತನ್ನ ಪಿತೃಗಳು ಅಲೆದಾಡಿದ್ದನ್ನೂ, ದಾಸರಾಗಿದ್ದದ್ದನ್ನೂ, ಬಿಡುಗಡೆಯಾದದ್ದನ್ನೂ ಬಾಯಿಬಿಟ್ಟು ಹೇಳಿ ಅಡ್ಡಬೀಳುತ್ತಾನೆ. ಹಾಗಾದರೆ ನಮ್ಮ ಹಿಡಿ ಜೋಳವೂ ಮಾತಾಡಬೇಕು. ಇಷ್ಟನ್ನು ಬರೆಯುವದಕ್ಕೆ ಒಂಭತ್ತು ಬೆಳಗುಗಳು ಸಾಕಾದವು. ಆರು ವರುಷ ಹೆದರಿದ್ದು ಇದಕ್ಕೋ ಎಂದು ನಮಗೆ ನಾವೇ ನಕ್ಕೆವು. ಆದರೆ ಆ ತಾಯಿಯ ನೆನಪು ಬಂದು ನಗೆ ನಿಂತಿತು.

ಬರೆದದ್ದನ್ನು ಶನಿವಾರ ಸಾಯಂಕಾಲ ಪ್ರಾರ್ಥನೆಕೂಟದಲ್ಲಿ ಓದಿ ಕೇಳಿಸುತ್ತೇವೆ. ಇದು ಎಲ್ಲಕ್ಕಿಂತ ಹೆಚ್ಚು ಸಹಾಯ ಮಾಡಿದೆ. ಶನಿವಾರ ಬರುವದು ತಪ್ಪುವದಿಲ್ಲ, ಜನರೂ ಬರುವದು ತಪ್ಪಿಸುವದಿಲ್ಲ. ಮೌನವನ್ನು ಕುರಿತ ಅಧ್ಯಾಯದಲ್ಲಿ ನಾವು ಅಂತಃಕರಣ, ಏಕಾಗ್ರತೆ, ಧ್ಯಾನ ಎಂಬ ಶಬ್ದಗಳನ್ನು ಕೂಡಿಸಿ ನಾಲ್ಕು ಸಾಲು ಬರೆದಿದ್ದೆವು. ಓದಿ ಮುಗಿಸಿದ ಮೇಲೆ ಹಿಂದೆ ಗೋಡೆಗೆ ಆತು ಕೂತಿದ್ದ ಒಬ್ಬ ರೈತನು, “ಗುರುಗಳ, ಬಿತ್ತಿ ಮುಗಿಸಿದ ಮ್ಯಾಲ ಹೊಲದ ಬದುವಿನ ಮ್ಯಾಲ ನಿಂತಾಗ ನಾವು ಯಾರೂ ಮಾತಾಡೂದಿಲ್ಲರಿ. ಮುಗಿಲ ನೋಡತೀವಿ. ಅದನ್ನ ಬರೀರಿ” ಎಂದನು. ನಾಲ್ಕು ಸಾಲುಗಳನ್ನೂ ಹೊಡೆದುಹಾಕಿ ಅದನ್ನೇ ಬರೆದೆವು.

ಐದು ಅಧ್ಯಾಯಗಳಲ್ಲಿ ಮೂರು ಆಗಿವೆ, ನಾಲ್ಕನೆಯದು ನಡೆದಿದೆ. ಮನೆಯ ಆರಾಧನೆಯ ಅಧ್ಯಾಯಕ್ಕೋಸ್ಕರ ಬರುವ ಬುಧವಾರ ಆ ತಾಯಿಯ ಸೊಸೆಯ ಬಳಿಗೆ ಹೋಗುತ್ತೇವೆ. ಬಿತ್ತನೆಯ ಬುಟ್ಟಿಯ ಪ್ರಾರ್ಥನೆಯಲ್ಲಿ ತನಗೆ ನೆನಪಿರುವದು ಮೊದಲಿನ ಎರಡು ಮಾತುಗಳು ಮಾತ್ರವೆಂದು ಆಕೆ ಹೇಳಿ ಕಳುಹಿಸಿದ್ದಾಳೆ.